ಇಬ್ಬರು ಆರ್ಥರರ ಅಂಗಡಿ

ಕೂಲಿ ಹೆಚ್ಚಬೇಕೆಂದೋ ದುಡಿಮೆಯ ಹೊತ್ತು ಕಡಮೆಯಾಗಬೇಕೆಂದೋ ಕೆಲಸಗಾರರು ಮುಷ್ಕರ ಹೂಡುವುದು ವಾಣಿಜ್ಯದ ಚರಿತ್ರೆಯಲ್ಲಿ ಹಳೆಯ ಸಂಗತಿ. ಯಜಮಾನನ ದಬ್ಬಾಳಿಕೆಯನ್ನು ತಾಳಲಾರದೆ ಆತನನ್ನು ಇಳಿಸಬೇಕೆಂದು ಅವರು ಬೀದಿಗೆ ಬಂದುದೂ ಉಂಟು. ಆದರೆ ಪದಚ್ಯುತನಾದ ಯಜಮಾನನನ್ನು ಪುನಃ ಅದೇ ಪೀಠದಲ್ಲಿ ಕೂರಿಸಬೇಕೆಂದು, ಕಾರ್ಮಿಕ ಸಂಘವೆಂಬ ರಕ್ಷೆಯೇ ಇಲ್ಲದ ಲಾರಿ ಚಾಲಕರೂ ಉಗ್ರಾಣದ ಆಳುಗಳೂ ಗಲ್ಲಾದ ಬಳಿ ನಿಲ್ಲುವ ಹುಡುಗ ಹುಡುಗಿಯರೂ ಅಂಗಡಿಗಳ ಮ್ಯಾನೇಜರುಗಳೂ ಏಕಕಂಠದಿಂದ ಹಟ ಹಿಡಿದು, ಆರು ವಾರಗಳ ಕಾಲ ಒಂದು ಬೃಹತ್ ವ್ಯಾಪಾರವನ್ನೇ ಸ್ತಂಭಿಸಿ, ಕಟ್ಟಕಡೆಗೆ ಗೆದ್ದರೆಂಬುದು ಅಪೂರ್ವವಾದ ವಾರ್ತೆ. ಇದು 2014ರ ಬೇಸಗೆಯಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನಲ್ಲಿ ನಡೆಯಿತು. ವ್ಯಾಪಾರದ ಹೆಸರು ಮಾರ್ಕೆಟ್ ಬ್ಯಾಸ್ಕೆಟ್. ಮಾಲೀಕರು ಗ್ರೀಸ್ ದೇಶದಿಂದ ವಲಸೆ ಬಂದ ಡಿಮೂಲಸ್ ಎಂಬ ಮನೆತನದವರು. ಈ ಕಥೆಯಲ್ಲಿ ಒಳ್ಳೆಯ ಯಜಮಾನನೊಬ್ಬನಿರುವುದು ನಿಜ. ಆದರೆ ಆ ಒಳ್ಳೆಯತನವೂ ಅದರ ಪಕ್ಕದಲ್ಲಿಯೇ ನಡೆದ ಒಂದು ಘೋರ ಅನ್ಯಾಯವೂ ಒಂದೇ ಸೂರಿನ ಕೆಳಗೆ, ಒಂದೇ ಕಾಲದಲ್ಲಿ ಬೆಳೆದವೆಂಬುದನ್ನು ಮರೆತು ಕಥೆಯನ್ನು ಹೇಳುವುದು ವಾಡಿಕೆಯಾಗಿದೆ. ಅದನ್ನು ಮರೆಯದೆ ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಬಾಸ್ಟನ್ ನಗರದಿಂದ ವಾಯವ್ಯಕ್ಕೆ, ಮೆರಿಮ್ಯಾಕ್ ನದಿ ಧುಮುಕಿ ಹರಿಯುವ ಸ್ಥಳದಲ್ಲಿ, ನೀರಿನ ಬಲದಿಂದ ಮಗ್ಗಗಳನ್ನು ತಿರುಗಿಸಬೇಕೆಂಬ ಸಂಕಲ್ಪದಿಂದ 1820ರ ದಶಕದಲ್ಲಿ ಕಾಲುವೆಗಳನ್ನು ತೋಡಿ ಕಟ್ಟಿದ ಊರು ಲೋವೆಲ್. ಅಮೆರಿಕದ ಮೊದಮೊದಲ ಕೈಗಾರಿಕಾ ನಗರಗಳಲ್ಲಿ ಅದೂ ಒಂದು. ಅಲ್ಲಿನ ಹತ್ತಿಯ ಗಿರಣಿಗಳಿಗೆ ಮೊದಲು ಹಳ್ಳಿಗಾಡಿನ ರೈತರ ಹೆಣ್ಣುಮಕ್ಕಳು ಬಂದರು. ಆ ಬಳಿಕ ಐರಿಷ್ ಜನ, ಕೆನಡಾದ ಫ್ರೆಂಚರು, ಪೋಲೆಂಡಿನವರು, ಗ್ರೀಕರು, ಹೀಗೆ ಒಂದರ ಮೇಲೊಂದು ಅಲೆಯಾಗಿ ಬಡವರು ಬಂದು ನೆಲಸಿದರು. ಆ ಊರಿನ ಏಕರ್ ಎಂಬ ಕೇರಿ ಮೊದಲು ಐರಿಷರದಾಗಿದ್ದು, ಇಪ್ಪತ್ತನೆಯ ಶತಮಾನ ಕಣ್ಣು ತೆರೆಯುವ ವೇಳೆಗೆ ಬಹುಮಟ್ಟಿಗೆ ಗ್ರೀಕರದಾಯಿತು. ಅಥನಾಸಿಯೋಸ್ ಡಿಮೂಲಸ್ ಎಂಬಾತನೂ ಆತನ ಪತ್ನಿ ಎಫ್ರೊಸಿನಿಯೂ 1917ರಲ್ಲಿ ಅಲ್ಲಿನ ಡಮ್ಮರ್ ಬೀದಿಯಲ್ಲಿ ಒಂದು ಪುಟ್ಟ ಅಂಗಡಿಯನ್ನು ತೆರೆದರು. ದಿನಸಿಯೂ ಅಲ್ಲಿ ದೊರೆಯುತ್ತಿತ್ತು, ಆದರೆ ಅಂಗಡಿಗೆ ಹೆಸರು ಬಂದುದು ಕುರಿಮರಿಯ ಹೊಸ ಮಾಂಸದಿಂದ. ಈಸ್ಟರ್ ಹಬ್ಬದ ಊಟಕ್ಕೆ ಗ್ರೀಕನಿಗೆ ಕುರಿಮರಿಯ ಮಾಂಸವಿಲ್ಲದೆ ಸಲ್ಲದು. ಅದನ್ನು ತನ್ನ ಭಾಷೆಯಲ್ಲೇ ಕೇಳಿ, ತನ್ನವನೇ ಕಡಿದುಕೊಟ್ಟ ತುಂಡನ್ನು ಮನೆಗೆ ಒಯ್ಯುವ ಅನುಕೂಲ ಪರದೇಶದಲ್ಲಿ ಸಾಮಾನ್ಯವಾದುದಲ್ಲ. ಅಥನಾಸಿಯೋಸನನ್ನು ಅಮೆರಿಕದವರು ಆರ್ಥರ್ ಎಂದು ಕರೆದರು. ಈ ಹೆಸರನ್ನು ಓದುಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಹೆಸರು ಎರಡು ಸಾರಿ ಬರಲಿದೆ.

1930ರ ದಶಕದ ಆರ್ಥಿಕ ಮುಗ್ಗಟ್ಟು ಲೋವೆಲ್ಲಿನಂಥ ಊರಿಗೆ ದ್ವಿಗುಣವಾಗಿ ಬಡಿಯಿತು, ಏಕೆಂದರೆ ಗಿರಣಿಗಳು ಅಗ್ಗದ ಕೂಲಿಯನ್ನು ಅರಸಿಕೊಂಡು ಅದಕ್ಕೂ ಮೊದಲೇ ದಕ್ಷಿಣದ ರಾಜ್ಯಗಳಿಗೆ ಗುಳೆ ಹೊರಟಿದ್ದವು. ಕೆಲಸ ಕಳೆದುಕೊಂಡ ನೆರೆಹೊರೆಯವರಿಗೆ ಡಿಮೂಲಸ್ ದಂಪತಿಗಳು ಉದ್ರಿ ಕೊಟ್ಟರೆಂದೂ, ಕೊಟ್ಟುದು ಹಿಂದಿರುಗದೆ ಅಂಗಡಿಯೇ ಸಾಲಗಾರರ ಪಾಲಾಗುವ ಸ್ಥಿತಿಗೆ ಬಂದಿತೆಂದೂ ಆ ಮನೆತನದ ಐತಿಹ್ಯ ಹೇಳುತ್ತದೆ. ಇಂಥ ಐತಿಹ್ಯಗಳು ವ್ಯಾಪಾರಿ ಮನೆತನಗಳಲ್ಲೆಲ್ಲ ಇರತಕ್ಕವೇ. ಆದರೂ ಅವು ನಿಷ್ಪ್ರಯೋಜಕವಲ್ಲ: ಮುಂದಿನ ತಲೆಮಾರು ತನ್ನನ್ನು ಏನೆಂದು ಭಾವಿಸಿಕೊಂಡಿತೆಂಬುದನ್ನು ಅವು ತಿಳಿಸುತ್ತವೆ. ಗಂಡುಮಕ್ಕಳಲ್ಲಿ ಜಾರ್ಜ್ ಮತ್ತು ಟೆಲಿಮಾಕಸ್ ಎಂಬ ಇಬ್ಬರು ಅಂಗಡಿಯ ಕೆಲಸಕ್ಕೆ ಸೇರಿದರು. 1954ರಲ್ಲಿ ಆ ಸಹೋದರರು ತಂದೆತಾಯಿಗಳಿಂದ ಅಂಗಡಿಯನ್ನು 15,000 ಡಾಲರಿಗೆ ಕೊಂಡುಕೊಂಡರು.

ಅವರು ಕೊಂಡ ಕಾಲ ಎಂಥದು ಎಂಬುದನ್ನು ತುಸು ವಿವರಿಸಬೇಕು. ನಮ್ಮ ಊರುಗಳ ಶೆಟ್ಟರ ಅಂಗಡಿಯಲ್ಲಿ ಈಗಲೂ ನಡೆಯುವಂತೆ, ಗಿರಾಕಿ ಕಟ್ಟೆಯ ಈಚೆ ನಿಂತು ಬೇಕಾದುದನ್ನು ಹೇಳುವುದು, ಆಚೆ ನಿಂತವನು ಒಂದೊಂದನ್ನೇ ತೂಗಿ, ಕಟ್ಟಿ, ಚೀಟಿ ಬರೆದು ಕೊಡುವುದು, ಇದೇ ಅಮೆರಿಕದಲ್ಲಿಯೂ ಮೊದಲಿನ ಕ್ರಮವಾಗಿತ್ತು. 1916ರಲ್ಲಿ ಮೆಂಫಿಸ್ ನಗರದ ಕ್ಲಾರೆನ್ಸ್ ಸಾಂಡರ್ಸ್ ಎಂಬಾತನು ಪಿಗ್ಲಿ ವಿಗ್ಲಿ ಎಂಬ ವಿಚಿತ್ರ ಹೆಸರಿನ ಅಂಗಡಿಯೊಂದನ್ನು ತೆರೆದು, ಆ ಕಟ್ಟೆಯನ್ನೇ ಕಿತ್ತುಹಾಕಿ, ಗಿರಾಕಿಯ ಕೈಗೊಂದು ಬುಟ್ಟಿಯನ್ನು ಕೊಟ್ಟು, ಬೇಕಾದುದನ್ನು ನೀನೇ ಆರಿಸಿ ತೆಗೆದುಕೊ ಎಂದ. 1930ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಮೈಕೆಲ್ ಕಲನ್ ಎಂಬಾತನು, ಮಾಂಸ, ತರಕಾರಿ, ಹಾಲು, ಡಬ್ಬದ ಸರಕು ಎಲ್ಲವನ್ನೂ ವಿಶಾಲವಾದ ಒಂದೇ ಕಟ್ಟಡದಲ್ಲಿ ರಾಶಿ ಹಾಕಿ, ಅತ್ಯಲ್ಪ ಲಾಭಕ್ಕೆ ಮಾರಿ, ಕಿಂಗ್ ಕಲನ್ ಎಂಬ ಹೆಸರಿನಲ್ಲಿ ಸೂಪರ್‌ಮಾರ್ಕೆಟ್ಟಿಗೆ ನಾಂದಿ ಹಾಡಿದ. ಯುದ್ಧಾನಂತರ ಮನೆಮನೆಗೆ ಮೋಟಾರು ಕಾರೂ ರೆಫ್ರಿಜರೇಟರೂ ಬಂದವು. ನಗರದ ಮಧ್ಯದ ಕೇರಿಗಳನ್ನು ತೊರೆದು ಜನ ಹೊರವಲಯದಲ್ಲಿ ಮನೆ ಕಟ್ಟಿದರು. ವಾರಕ್ಕೊಮ್ಮೆ ಕಾರಿನಲ್ಲಿ ಬಂದು ವಾರದ ಸಾಮಾನನ್ನೆಲ್ಲ ಒಟ್ಟಿಗೆ ಒಯ್ಯುವುದು ಸಂಸಾರಗಳ ರೂಢಿಯಾಯಿತು. ಡಿಮೂಲಸ್ ಸಹೋದರರು ಈ ಗಾಳಿಯ ದಿಕ್ಕನ್ನು ಚೆನ್ನಾಗಿ ಗ್ರಹಿಸಿದರು. ಹದಿನೈದು ವರ್ಷಗಳು ತುಂಬುವಷ್ಟರಲ್ಲಿ ಡಮ್ಮರ್ ಬೀದಿಯ ಆ ಒಂದು ಅಂಗಡಿ ಹತ್ತಕ್ಕೂ ಮಿಕ್ಕ ಸೂಪರ್‌ಮಾರ್ಕೆಟ್ಟುಗಳ ಸಾಲಾಗಿ ಬೆಳೆದಿತ್ತು.

ದಿನಸಿ ವ್ಯಾಪಾರದ ಗುಟ್ಟು ಹೊರಗಿನವರಿಗೆ ಆಶ್ಚರ್ಯವೆನಿಸುವಂಥದು. ನೂರು ಡಾಲರಿನ ಸರಕು ಮಾರಿದರೆ, ಸರಕಿನ ಅಸಲು, ಸಂಬಳ, ಬಾಡಿಗೆ, ವಿದ್ಯುತ್ತು, ಕೊಳೆತುಹೋದ ಹಣ್ಣು, ಕಳವಾದ ಡಬ್ಬಿ ಇವೆಲ್ಲವನ್ನೂ ಕಳೆದ ಮೇಲೆ ಮಾಲೀಕನ ಕೈಯಲ್ಲಿ ಉಳಿಯುವುದು ಸಾಮಾನ್ಯವಾಗಿ ಒಂದೆರಡು ಡಾಲರು ಮಾತ್ರ. ಚಿನ್ನದ ವ್ಯಾಪಾರಿ ಈ ಲಾಭವನ್ನು ಕೇಳಿದರೆ ನಕ್ಕಾನು. ಆದರೆ ಚಿನ್ನದ ಸರ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿರುತ್ತದೆ. ಹಾಲು, ಬ್ರೆಡ್ಡು, ಟೊಮೇಟೊ ಒಂದೆರಡು ದಿನದಲ್ಲಿ ಖರ್ಚಾಗಿ ಅದೇ ಹಣ ಪುನಃ ಸರಕಾಗಿ ಬಂದು ಕೂರುತ್ತದೆ. ಒಂದೇ ನೂರು ಡಾಲರು ವರ್ಷದಲ್ಲಿ ಇಪ್ಪತ್ತೈದು ಸುತ್ತು ಸುತ್ತಿ, ಸುತ್ತಿಗೆ ಒಂದೂವರೆ ಡಾಲರಿನಂತೆ ಉಳಿಸಿದರೆ, ವರ್ಷಾಂತ್ಯಕ್ಕೆ ಮೂವತ್ತೇಳೂವರೆ ಡಾಲರು. ಇದರ ಮೇಲೆ ಇನ್ನೊಂದು ಅನುಕೂಲ: ಸರಕು ಒದಗಿಸಿದವನಿಗೆ ಹಣ ಸಲ್ಲಿಸಲು ವಾರಗಳ ಗಡುವಿರುತ್ತದೆ, ಗಿರಾಕಿಯಾದರೋ ಅಂದೇ ನಗದು ಕೊಟ್ಟಿರುತ್ತಾನೆ, ನಡುವಿನ ದಿನಗಳಲ್ಲಿ ಅನ್ಯರ ಹಣದಿಂದಲೇ ವ್ಯಾಪಾರ ನಡೆಯುತ್ತದೆ. ಆದುದರಿಂದ ಇಲ್ಲಿ ಬೆಲೆ ಏರಿಸಿದವನಿಗಿಂತ ಸರಕನ್ನು ಬೇಗ ಬೇಗ ಸಾಗಿಸಿದವನೇ ಜಾಣ. ಬೆಲೆ ಇಳಿದರೆ ಜನ ಸೇರುತ್ತಾರೆ, ಜನ ಸೇರಿದರೆ ಸರಕು ಬೇಗ ಸಾಗುತ್ತದೆ, ಬೇಗ ಸಾಗಿದರೆ ತರಕಾರಿ ಹೊಸದಾಗಿರುತ್ತದೆ, ಹೊಸದಾಗಿದ್ದರೆ ಇನ್ನಷ್ಟು ಜನ ಸೇರುತ್ತಾರೆ.

ಈ ಚಕ್ರವನ್ನು ಡಿಮೂಲಸರು ಅನ್ಯರಿಗಿಂತ ನಿಷ್ಠೆಯಿಂದ ತಿರುಗಿಸಿದರು. ನಿಮ್ಮ ಡಾಲರಿಗೆ ಹೆಚ್ಚು ದೊರೆಯುವುದು ನಮ್ಮಲ್ಲಿ ಎಂಬುದು ಅವರ ಘೋಷಣೆ. ಅಂಗಡಿಗಳಲ್ಲಿ ಆಡಂಬರವಿಲ್ಲ, ನೆಲ, ಗೋಡೆ, ಬೆಳಕು ಎಲ್ಲವೂ ಹಳೆಯ ಕಾಲದವು, ಇತರ ಸೂಪರ್‌ಮಾರ್ಕೆಟ್ಟುಗಳಲ್ಲಿ ಗಿರಾಕಿಗಳನ್ನು ಕಟ್ಟಿಹಾಕಲು ಕೊಡುವ ರಿಯಾಯಿತಿ ಕಾರ್ಡುಗಳಿಲ್ಲ, ಗಿರಾಕಿಯೇ ತನ್ನ ಸಾಮಾನಿನ ಲೆಕ್ಕ ಮಾಡಿಕೊಳ್ಳುವ ಯಂತ್ರಗಳನ್ನು ಎಲ್ಲರೂ ತಂದಾಗಲೂ ಇವರು ತರಲಿಲ್ಲ. ಗಲ್ಲಾದ ಬಳಿ ಒಬ್ಬರು, ಸಾಮಾನನ್ನು ಚೀಲಕ್ಕೆ ತುಂಬಲು ಇನ್ನೊಬ್ಬರು. ಅಂಗಿಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಜತೆಗೆ ಆ ವ್ಯಕ್ತಿ ಎಷ್ಟು ವರ್ಷದಿಂದ ಅಲ್ಲಿ ದುಡಿಯುತ್ತಿರುವನೆಂಬ ಬರಹ. ಚೀಲ ತುಂಬುವ ಹುಡುಗನಾಗಿ ಸೇರಿದವನು ಮ್ಯಾನೇಜರನಾಗುವುದು ಅಲ್ಲಿ ಅಪರೂಪವಲ್ಲ. ಲಾಭವಾದ ವರ್ಷಗಳಲ್ಲಿ, ನೌಕರನ ವಾರ್ಷಿಕ ವೇತನದ ಶೇಕಡ 15ರಷ್ಟು ಮೊತ್ತವನ್ನು ಕಂಪನಿಯೇ ಆತನ ನಿವೃತ್ತಿ ನಿಧಿಗೆ ಸೇರಿಸುವ ಏರ್ಪಾಡಿತ್ತು. ಇದರ ಮೇಲೆ ವರ್ಷಾಂತ್ಯದ ಬೋನಸ್ಸು. 2008ರ ಆರ್ಥಿಕ ಕುಸಿತದಲ್ಲಿ ಈ ನಿಧಿಯಿಂದ ಸುಮಾರು 4 ಕೋಟಿ 60 ಲಕ್ಷ ಡಾಲರು ಕರಗಿಹೋದಾಗ ಕಂಪನಿ ತನ್ನ ಹಣದಿಂದಲೇ ಅದನ್ನು ಭರ್ತಿ ಮಾಡಿತು. ಕಾನೂನು ಅದನ್ನು ವಿಧಿಸಿರಲಿಲ್ಲ. ಗಲ್ಲಾದಲ್ಲಿ ನಿಂತು ಇಪ್ಪತ್ತು ವರ್ಷ ಸವೆಸಿದವರು ಇಂಥದನ್ನು ಮರೆಯುವುದಿಲ್ಲ.

ಕಟ್ಟಡಗಳ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ: ತಮ್ಮ ಅಂಗಡಿಗಳ ನಿವೇಶನಗಳನ್ನು ಸಾಧ್ಯವಾದೆಡೆಯಲ್ಲೆಲ್ಲ ತಾವೇ ಕೊಂಡು, ಸಾಲದಿಂದ ದೂರವಿದ್ದು, ಬಡ್ಡಿಗೂ ಬಾಡಿಗೆಗೂ ಹೋಗಬಹುದಾಗಿದ್ದ ಹಣವನ್ನು ಬೆಲೆ ಇಳಿಸುವುದಕ್ಕೆ ಉಪಯೋಗಿಸಿದ್ದು ಈ ಮನೆತನದ ದೂರದೃಷ್ಟಿ. ಷೇರುಪೇಟೆಗೆ ಕಾಲಿಡದ ಕಂಪನಿಗೆ ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕೆಂಬ ಕಾಟವಿಲ್ಲ. ಆದರೆ ಷೇರುಪೇಟೆಯ ಹೊರಗಿರುವ ಕಂಪನಿಯ ಷೇರುಗಳು ಯಾರ ಕೈಯಲ್ಲಿವೆ, ಯಾವಾಗ ಕೈ ಬದಲಾದವು ಎಂಬುದನ್ನು ಹೊರಗಿನವರು ಯಾರೂ ಕಾಣರು. ಮನೆಯೊಳಗಿನವರಿಗೂ ಕೆಲವೊಮ್ಮೆ ಕಾಣದು.

ಜಾರ್ಜ್ ಮತ್ತು ಟೆಲಿಮಾಕಸ್ ಸಮಪಾಲುದಾರರಾಗಿದ್ದರು. ಇಬ್ಬರಲ್ಲಿ ಯಾರು ಮೊದಲು ತೀರಿಕೊಂಡರೂ ಉಳಿದವನು ಇನ್ನೊಬ್ಬನ ಸಂಸಾರವನ್ನು ತನ್ನದರಂತೆಯೇ ನೋಡಿಕೊಳ್ಳತಕ್ಕದ್ದೆಂದು ಅವರ ನಡುವೆ ಒಪ್ಪಂದವಿತ್ತು. 1971ರಲ್ಲಿ ಗ್ರೀಸಿಗೆ ಪ್ರವಾಸ ಹೋಗಿದ್ದ ಜಾರ್ಜ್, ಐವತ್ತರ ಅಂಚಿನಲ್ಲಿ, ಹೃದಯಾಘಾತದಿಂದ ಅಲ್ಲಿಯೇ ಮೃತನಾದ. ಪತ್ನಿಯೂ ನಾಲ್ವರು ಮಕ್ಕಳೂ ಟೆಲಿಮಾಕಸನ ರಕ್ಷಣೆಗೆ ಬಂದರು. ಹೋಮರನ ಮಹಾಕಾವ್ಯದಲ್ಲಿ ಟೆಲಿಮಾಕಸ್ ಎಂಬುವನು, ತಂದೆ ಊರಲ್ಲಿಲ್ಲದಾಗ ಮನೆಗೆ ನುಗ್ಗಿ ಆಸ್ತಿಯನ್ನು ತಿಂದು ತೇಗುತ್ತಿದ್ದ ಪರಕೀಯರಿಂದ ಅದನ್ನು ಉಳಿಸಲು ಹೆಣಗಿದ ಮಗ. ಲೋವೆಲ್ಲಿನ ಟೆಲಿಮಾಕಸನು ಕಾವಲು ಕಾದ ರೀತಿ ಬೇರೆ. ಜಾರ್ಜನ ಕುಟುಂಬದ ಷೇರುಗಳು ವರ್ಷ ವರ್ಷಕ್ಕೂ ಸದ್ದಿಲ್ಲದೆ ಆತನ ಪಾಲಿಗೆ ಸರಿದವು. ಹೊಸ ಅಂಗಡಿಗಳು ಆತನ ಸಂಸಾರಕ್ಕೇ ಸೇರಿದ ಬೇರೆ ಕಂಪನಿಗಳ ಹೆಸರಿನಲ್ಲಿ ತೆರೆದವು. ಸಮಪಾಲಿನಿಂದ ಹೊರಟ ಆ ಅನಾಥ ಕುಟುಂಬದ ಭಾಗ 1990ರ ವೇಳೆಗೆ ಶೇಕಡ 8ಕ್ಕೆ ಇಳಿದಿತ್ತು. ನಂಬಿಕೆಯಿಂದ ಸಹಿ ಹಾಕಿದ ಕಾಗದಗಳಲ್ಲಿ ಏನಿತ್ತೆಂಬುದನ್ನು ತಾವು ಅರಿಯೆವೆಂದು ಆ ವರ್ಷ ಜಾರ್ಜನ ಹೆಂಡತಿ ಮಕ್ಕಳು ನ್ಯಾಯಾಲಯಕ್ಕೆ ಹೋದರು.

ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಇತಿಹಾಸದಲ್ಲಿಯೇ ಇಷ್ಟು ದೀರ್ಘವೂ ದುಬಾರಿಯೂ ಆದ ಕೌಟುಂಬಿಕ ವ್ಯಾಜ್ಯಗಳು ವಿರಳ. ಜ್ಯೂರಿಯವರೂ, ನ್ಯಾಯಾಧೀಶೆ ಮರಿಯಾ ಲೋಪೆಜರೂ ಜಾರ್ಜನ ಕುಟುಂಬಕ್ಕೆ ವಂಚನೆಯಾಗಿದೆಯೆಂದು ನಿರ್ಣಯಿಸಿದರು. 1997ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕಂಪನಿಯ ಶೇಕಡ 50.5 ಭಾಗವೂ ಸುಮಾರು 20 ಕೋಟಿ 60 ಲಕ್ಷ ಡಾಲರುಗಳೂ ಜಾರ್ಜನ ವಾರಸುದಾರರಿಗೆ ಸಂದವು. ತೀರ್ಪಿನಿಂದ ಕೆರಳಿದ ಸೋತ ಪಕ್ಷದ ಪರವಾಗಿ ಕೆಲವು ವಕೀಲರು, ಆ ನ್ಯಾಯಾಧೀಶೆಯ ಬಳಿ ಹಿಂದೆ ಕಾನೂನು ಸಹಾಯಕನಾಗಿದ್ದ ತರುಣನೊಬ್ಬನನ್ನು ಇಲ್ಲದ ಉದ್ಯೋಗವೊಂದರ ಆಸೆ ತೋರಿಸಿ ಕೆನಡಾದ ಹ್ಯಾಲಿಫ್ಯಾಕ್ಸಿಗೆ ಕರೆಸಿಕೊಂಡು, ಹುಸಿ ಸಂದರ್ಶನ ಮಾಡಿ, ನ್ಯಾಯಾಧೀಶೆ ಪಕ್ಷಪಾತಿಯೆಂಬ ಮಾತನ್ನು ಆತನ ಬಾಯಿಂದ ಹೊರಡಿಸಲು ಯತ್ನಿಸಿದರು. ಈ ಕಾರಣಕ್ಕೆ 2008ರಲ್ಲಿ ಇಬ್ಬರು ವಕೀಲರ ಸನ್ನದು ರದ್ದಾಯಿತು. ದಾಯಾದಿ ಮಾತ್ಸರ್ಯವು ತಾನು ಸುಡುವುದಲ್ಲದೆ ಸುತ್ತಲಿನವರನ್ನೂ ಸುಡುವುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ಮೂರನೆಯ ತಲೆಮಾರಿನ ಇಬ್ಬರು ನಾಯಕರ ಹೆಸರೂ ಆರ್ಥರ್ ಡಿಮೂಲಸ್ ಎಂದೇ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ಗ್ರೀಕರಲ್ಲಿಯೂ ಉಂಟು. ಟೆಲಿಮಾಕಸನ ಮಗನನ್ನು ಆರ್ಥರ್ ಟಿ. ಎಂದೂ ಜಾರ್ಜನ ಮಗನನ್ನು ಆರ್ಥರ್ ಎಸ್. ಎಂದೂ ಪತ್ರಿಕೆಗಳು ಗುರುತಿಸುತ್ತವೆ. ತೀರ್ಪಿನ ಬಳಿಕ ಬಹುಮತ ಜಾರ್ಜನ ಕುಟುಂಬದ್ದಾದರೂ ಅಧಿಕಾರ ಅವರಿಗೆ ದಕ್ಕಲಿಲ್ಲ. ಆ ಕುಟುಂಬದಲ್ಲಿ ಅಕಾಲದಲ್ಲಿ ಮೃತನಾದ ಮತ್ತೊಬ್ಬ ಮಗನ ಪತ್ನಿ ತನ್ನ ಮತವನ್ನು ಆರ್ಥರ್ ಟಿ.ಯ ಕಡೆಗೇ ಹಾಕುತ್ತಿದ್ದಳು. ಹಾಗಾಗಿ 2008ರಲ್ಲಿ ಆತನೇ ಕಂಪನಿಯ ಅಧ್ಯಕ್ಷನಾದ. ಒಂದು ಸಂಸಾರದ ಒಂದು ಮತದ ಮೇಲೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಜೀವನೋಪಾಯ ನಿಂತಿತ್ತೆಂಬುದು ವಿಚಿತ್ರವಾದರೂ ಸತ್ಯ. 2013ರಲ್ಲಿ ಆ ಮತ ಪಕ್ಷಾಂತರ ಮಾಡಿತು.

ಇಬ್ಬರು ಆರ್ಥರರ ಭಿನ್ನಾಭಿಪ್ರಾಯವನ್ನು ಬರಿಯ ಹಗೆತನವೆಂದು ತಳ್ಳಿಹಾಕಲಾಗದು. ಕಂಪನಿಯಲ್ಲಿ ಸಂಚಿತವಾದ ಲಾಭ ಮಾಲೀಕರದು, ಆದುದರಿಂದ ಅದನ್ನು ಅವರಿಗೆ ಹಂಚಬೇಕೆಂಬುದು ಆರ್ಥರ್ ಎಸ್. ಪಕ್ಷದ ವಾದ, ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ಲೋಪವಿಲ್ಲ, ಅದರಲ್ಲಿಯೂ ಇಪ್ಪತ್ತು ವರ್ಷ ವಂಚಿತರಾಗಿದ್ದವರು ತಮ್ಮ ಹಣವನ್ನು ತಮ್ಮ ಕೈಯಲ್ಲೇ ನೋಡಬೇಕೆಂದು ಬಯಸಿದರೆ ಯಾರು ತಪ್ಪೆಂದಾರು? ಲಾಭದ ಬಹುಭಾಗ ಅಂಗಡಿಗೇ, ನೌಕರರಿಗೇ, ಗಿರಾಕಿಗೇ ಹಿಂದಿರುಗಬೇಕೆಂಬುದು ಆರ್ಥರ್ ಟಿ.ಯ ನಡವಳಿಕೆ. ಆತನ ಆಡಳಿತದಲ್ಲಿ ಕಂಪನಿಯು 2014ರ ಇಡೀ ವರ್ಷ ಪ್ರತಿಯೊಬ್ಬ ಗಿರಾಕಿಗೂ ಪ್ರತಿಯೊಂದು ಬಿಲ್ಲಿನ ಮೇಲೂ ಶೇಕಡ 4 ರಿಯಾಯಿತಿಯನ್ನು ಸಾರಿತು. ನೂರಕ್ಕೆ ಒಂದೆರಡು ಡಾಲರು ಉಳಿಯುವ ವ್ಯಾಪಾರದಲ್ಲಿ ನೂರಕ್ಕೆ ನಾಲ್ಕು ಬಿಟ್ಟುಕೊಡುವುದೆಂದರೆ ಎಂಥ ಸಾಹಸವೆಂಬುದನ್ನು ಮೇಲಿನ ಲೆಕ್ಕವನ್ನು ಓದಿದವರು ಊಹಿಸಬಲ್ಲರು.

2014ರ ಜೂನ್ 23ರಂದು ಹೊಸ ಬಹುಮತದ ಆಡಳಿತ ಮಂಡಳಿಯು ಆರ್ಥರ್ ಟಿ.ಯನ್ನೂ ಆತನ ಇಬ್ಬರು ಹಿರಿಯ ಅಧಿಕಾರಿಗಳನ್ನೂ ವಜಾ ಮಾಡಿ, ಹೊರಗಿನಿಂದ ಇಬ್ಬರನ್ನು ಕರೆತಂದು ಮುಖ್ಯಾಧಿಕಾರಿಗಳನ್ನಾಗಿ ನೇಮಿಸಿತು. ಆಗ ಕಂಪನಿಗೆ 71 ಅಂಗಡಿಗಳು, ಸುಮಾರು 25,000 ನೌಕರರು, ವರ್ಷಕ್ಕೆ 400 ಕೋಟಿ ಡಾಲರಿಗೂ ಮಿಕ್ಕ ವಹಿವಾಟು. ಜುಲೈ ನಡುಭಾಗದಲ್ಲಿ ಟ್ಯೂಕ್ಸ್‌ಬರಿಯ ಮುಖ್ಯ ಕಚೇರಿಯ ಮುಂದೆ ನೌಕರರು ನೆರೆದರು. ಮುಂದಾಳುಗಳಾದ ಎಂಟು ಮಂದಿಯನ್ನು ಕಂಪನಿ ಕೆಲಸದಿಂದ ತೆಗೆಯಿತು. ಅದರಿಂದ ಬೆಂಕಿಗೆ ತುಪ್ಪ ಸುರಿದಂತಾಯಿತು. ಉಗ್ರಾಣದವರು ಸರಕನ್ನು ಕಳುಹಿಸಲೊಲ್ಲರು, ಚಾಲಕರು ಲಾರಿಗಳನ್ನು ನಡೆಸಲೊಲ್ಲರು. ದಿನಗಳೊಳಗೆ ತರಕಾರಿ, ಮಾಂಸ, ಮೀನುಗಳ ಕಟ್ಟೆಗಳು ಬರಿದಾದವು. ಅಂಗಡಿಗಳ ಬಾಗಿಲು ತೆರೆದೇ ಇತ್ತು, ಆದರೆ ಗಿರಾಕಿಗಳು ಒಳಗೆ ಕಾಲಿಡದೆ, ಬೇರೆ ಅಂಗಡಿಗಳಲ್ಲಿ ಹೆಚ್ಚಿನ ಬೆಲೆ ತೆತ್ತು ಸಾಮಾನು ಕೊಂಡು, ಆ ರಸೀತಿಗಳನ್ನು ತಂದು ಮಾರ್ಕೆಟ್ ಬ್ಯಾಸ್ಕೆಟ್ಟಿನ ಗಾಜಿನ ಮೇಲೆ ಅಂಟಿಸಿ ಹೋದರು: ನಿಮಗೆ ಸಲ್ಲಬೇಕಾಗಿದ್ದ ಹಣ ಇಗೋ ಇಲ್ಲಿ ಹೋಯಿತು ಎಂಬ ಸೂಚನೆ. ಬಹಿಷ್ಕಾರಗಳ ಕಥೆಗಳನ್ನು ನಾವು ಬಹಳ ಕೇಳಿದ್ದೇವೆ. ತನ್ನ ಬಹಿಷ್ಕಾರದ ವೆಚ್ಚಕ್ಕೆ ರಸೀತಿ ಇಟ್ಟು ತೋರಿಸಿದ ಗಿರಾಕಿಯನ್ನು ನಾನು ಬೇರೆಡೆ ಕಂಡರಿಯೆ.

ಈ ಸಂಗ್ರಾಮದಲ್ಲಿ ಹೆಚ್ಚು ನಷ್ಟವನ್ನು ಹೊತ್ತವರು ಅರೆಕಾಲಿಕ ನೌಕರರು. ವ್ಯಾಪಾರವಿಲ್ಲವೆಂದು ಅವರ ಕೆಲಸದ ಗಂಟೆಗಳನ್ನು ಶೂನ್ಯಕ್ಕಿಳಿಸಲಾಯಿತು. ಈ ಅಂಗಡಿಗಳನ್ನೇ ನೆಚ್ಚಿಕೊಂಡಿದ್ದ ಸಣ್ಣ ರೈತರೂ ಮೀನುಗಾರರೂ ಪರದಾಡಿದರು. ಕಂಪನಿಯನ್ನು ಹೊರಗಿನ ದೊಡ್ಡ ಸಂಸ್ಥೆಯೊಂದಕ್ಕೆ ಮಾರುವರೆಂಬ ಸುದ್ದಿಯೂ ಹಬ್ಬಿತು. ಮ್ಯಾಸಚೂಸೆಟ್ಸಿನ ಗವರ್ನರ್ ಡಿವಾಲ್ ಪ್ಯಾಟ್ರಿಕ್, ನ್ಯೂ ಹ್ಯಾಂಪ್‌ಷೈರಿನ ಗವರ್ನರ್ ಮ್ಯಾಗಿ ಹಸನ್ ಇಬ್ಬರೂ ಸಂಧಾನಕ್ಕೆ ಇಳಿದರು. ಎರಡು ರಾಜ್ಯಗಳ ಮುಖ್ಯಸ್ಥರು ಒಂದು ದಿನಸಿ ಅಂಗಡಿಯ ಮನೆಜಗಳಕ್ಕೆ ಪಂಚಾಯಿತಿ ಕೂರುವುದೆಂದರೆ ಸಾಮಾನ್ಯವೆ? ಆಗಸ್ಟ್ 27ರ ರಾತ್ರಿ ಒಪ್ಪಂದವಾಯಿತು. ಜಾರ್ಜನ ಕುಟುಂಬದ ಶೇಕಡ 50.5 ಭಾಗವನ್ನು ಆರ್ಥರ್ ಟಿ.ಯ ಪಕ್ಷ 150 ಕೋಟಿ ಡಾಲರಿಗೂ ಮೇಲ್ಪಟ್ಟ ಬೆಲೆಗೆ ಕೊಂಡಿತು. ಮರುದಿನ ಆತ ಟ್ಯೂಕ್ಸ್‌ಬರಿಯಲ್ಲಿ ಲಾರಿಯೊಂದರ ಹಿಂಬದಿಯಲ್ಲಿ ನಿಂತು ನೌಕರರಿಗೆ ಕೃತಜ್ಞತೆ ಹೇಳಿದ, ಲಾರಿಗಳು ಹೊರಟವು. ಸಾಲದಿಂದ ದೂರವಿರುವುದೇ ತನ್ನ ಬಲವೆಂದು ಬಾಳಿದ ಕಂಪನಿಯ ತಲೆಯ ಮೇಲೆ ಆ ದಿನದಿಂದ ಭಾರಿ ಸಾಲ ಏರಿತು. ಈ ಪ್ರಕರಣದ ಮೇಲೆ ಪುಸ್ತಕ ಬಂದಿತು, ಸಾಕ್ಷ್ಯಚಿತ್ರಗಳು ಬಂದವು, ವ್ಯಾಪಾರದ ಪಾಠಶಾಲೆಗಳಲ್ಲಿ ಅದು ಪಾಠವಾಯಿತು.

ಆ ಪಾಠಗಳಲ್ಲಿ ನನಗೆ ಒಪ್ಪಿಗೆಯಾಗದ ಒಂದಂಶವಿದೆ. ಉದಾರಿಯಾದ ಯಜಮಾನನನ್ನು ಲೋಭಿಗಳಾದ ದಾಯಾದಿಗಳು ಹೊರದೂಡಿದರೆಂದೂ, ಧರ್ಮ ಗೆದ್ದಿತೆಂದೂ ಅವುಗಳ ಸಾರ. ಯಾವ ಅಂಗಡಿಗಳ ಲಾಭದಿಂದ ನೌಕರರ ನಿವೃತ್ತಿ ನಿಧಿ ತುಂಬಿತೋ ಅವುಗಳಲ್ಲಿ ಎಷ್ಟೋ ಅಂಗಡಿಗಳು, ವಿಧವೆಯೊಬ್ಬಳಿಗೂ ಆಕೆಯ ಮಕ್ಕಳಿಗೂ ಸೇರಬೇಕಾಗಿದ್ದ ಅವಕಾಶವನ್ನು ಅಪಹರಿಸಿ ಕಟ್ಟಿದವೆಂದು ನ್ಯಾಯಾಲಯವೇ ಹೇಳಿತ್ತು. ಆರ್ಥರ್ ಟಿ.ಯ ಪೀಠ ತಂದೆಯಿಂದ ಬಂದುದು. ತಂದೆಯ ಪಾಪ ಮಗನದಲ್ಲವೆಂದರೂ, ತಂದೆಯ ಗಳಿಕೆ ಮಗನದೇ ಆಗಿತ್ತು. ಇತ್ತ ನೌಕರರ ಪ್ರೀತಿಯೂ ಸುಳ್ಳಲ್ಲ. ಆತ ಅಂಗಡಿಗಳಿಗೆ ಬಂದಾಗ ಕೆಲಸದವರನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದ, ಅವರ ಮನೆಯ ರೋಗ ರುಜಿನಗಳನ್ನು ವಿಚಾರಿಸುತ್ತಿದ್ದ ಎಂಬುದನ್ನು ಅನೇಕರು ಹೇಳಿದ್ದಾರೆ. ಗಲ್ಲಾದವಳಿಗೆ ಧರ್ಮರಾಯನಾದವನು ಸ್ವಕುಲದವರಿಗೆ ಮತ್ತೇನೋ ಆಗಿರಬಹುದು. ಇವೆರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಪುಸ್ತಕ ಬರೆದವರಿಗೆ ಅನುಕೂಲವಾಗುತ್ತಿತ್ತು. 2014ರ ಖರೀದಿಯಲ್ಲಿ ಆರ್ಥರ್ ಟಿ.ಯ ಜತೆಗಿದ್ದವರು ಆತನ ಮೂವರು ಸೋದರಿಯರು; ಕಾಲಕ್ರಮದಲ್ಲಿ ಕಂಪನಿಯ ಸುಮಾರು ಶೇಕಡ 60 ಭಾಗ ಅವರ ಕೈಯಲ್ಲಿಯೂ ಸುಮಾರು ಶೇಕಡ 28 ಆತನ ಕೈಯಲ್ಲಿಯೂ ಇತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿಯೂ ವಿರಸ ಮೊಳೆಯಿತು. ಆಡಳಿತ ಮಂಡಳಿಗೆ ಲೆಕ್ಕ ಒಪ್ಪಿಸಲು ಆತ ಹಿಂಜರಿಯುತ್ತಾನೆ, ಮಂಡಳಿಯನ್ನು ಕೇಳದೆಯೇ ತನ್ನ ಮಕ್ಕಳಿಗೆ ಉತ್ತರಾಧಿಕಾರವನ್ನು ಕಟ್ಟಿಡಲು ನೋಡುತ್ತಾನೆ, ಪುನಃ ಕೆಲಸ ನಿಲ್ಲಿಸುವ ಸಂಚು ನಡೆದಿದೆ ಎಂಬುದು ಮಂಡಳಿಯ ಆಪಾದನೆ. ಇದೆಲ್ಲ ತನ್ನನ್ನು ತಳ್ಳಲು ಹೂಡಿದ ನೆಪವೆಂಬುದು ಆತನ ಪಕ್ಷದ ಉತ್ತರ. 2025ರ ಮೇ ತಿಂಗಳಲ್ಲಿ ಆತನನ್ನು ರಜೆಯ ಮೇಲೆ ಕಳುಹಿಸಿದರು. ಸೆಪ್ಟೆಂಬರಿನಲ್ಲಿ, ಸಂಧಾನ ಮುರಿದುಬಿದ್ದ ಬಳಿಕ, ವಜಾ ಮಾಡಿದರು. ತಂದೆಯ ಕಾಲದಲ್ಲಿ ಇನ್ನೊಬ್ಬರ ಷೇರುಗಳನ್ನು ಕಾಗದದ ಮೇಲೆ ಸರಿಸಿ ಗೆದ್ದಿದ್ದ ಶಾಖೆಯ ಮಗ, ತನ್ನ ಕಾಲದಲ್ಲಿ ಷೇರುಗಳ ಎಣಿಕೆಯಲ್ಲಿಯೇ ಎರಡು ಬಾರಿ ಅಧಿಕಾರ ಕಳೆದುಕೊಂಡ. ವ್ಯಾಜ್ಯ ಈ ಸಾರಿ ಡೆಲವೇರ್ ರಾಜ್ಯದ ನ್ಯಾಯಾಲಯದ ಮೆಟ್ಟಿಲೇರಿತು.

ಈ ಬಾರಿ ಟ್ಯೂಕ್ಸ್‌ಬರಿಯ ಲಾರಿಗಳು ನಿಲ್ಲಲಿಲ್ಲ. ಸುಮಾರು 90 ಅಂಗಡಿಗಳಲ್ಲಿ ಸುಮಾರು 30,000 ನೌಕರರು ಎಂದಿನಂತೆ ಕೆಲಸಕ್ಕೆ ಬಂದರು. ಅಲ್ಲಲ್ಲಿ ಪ್ರತಿಭಟನೆಯ ಧ್ವನಿಗಳೆದ್ದವು, ಗಿರಾಕಿಗಳಲ್ಲಿ ಕೆಲವರು ಮುನಿಸು ತೋರಿದರು, ಆದರೆ 2014ರ ಆವೇಶ ಮರುಕಳಿಸಲಿಲ್ಲ. ಜನರ ಕೃತಜ್ಞತೆ ಹತ್ತೇ ವರ್ಷದಲ್ಲಿ ಬತ್ತಿತೆಂದು ಇದನ್ನು ನಿಂದಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಬೋನಸ್ಸೂ ನಿವೃತ್ತಿ ನಿಧಿಯೂ ಅಗ್ಗದ ಬೆಲೆಯೂ ಹಾಗೆಯೇ ಮುಂದುವರಿಯುವುವೆಂದು ಹೊಸ ಆಡಳಿತ ಮೊದಲ ದಿನವೇ ಮಾತು ಕೊಟ್ಟಿತು. 2014ರಲ್ಲಿ ಹೊರಗಿನಿಂದ ಬಂದವರು ಆ ಮಾತನ್ನು ಜನ ನಂಬುವಂತೆ ಹೇಳಲಾರದೆ ಹೋದರು. ಆಗ ಆರು ವಾರ ಸಂಬಳವನ್ನು ಪಣವಿಟ್ಟು ನಿಂತವರು ಕಾದುಕೊಂಡದ್ದು ಆ ವ್ಯಕ್ತಿಯನ್ನೆಂಬುದಕ್ಕಿಂತ ಹೆಚ್ಚಾಗಿ ಆತ ನಡೆಸಿಕೊಂಡು ಬಂದ ಪದ್ಧತಿಯನ್ನು. ಆ ಪದ್ಧತಿಯನ್ನು ಮುಟ್ಟದಿರುವಷ್ಟು ಕಾಲ ಸೋದರಿಯರ ಮಂಡಳಿ ನಿಶ್ಚಿಂತೆಯಿಂದ ಆಳಬಹುದು. ಮುಟ್ಟಿದ ವಾರವೇ ಉಗ್ರಾಣದ ಬಾಗಿಲು ಮುಚ್ಚುವುದೆಂಬುದರಲ್ಲಿ ನನಗೆ ಸಂದೇಹವಿಲ್ಲ.